ಬ್ಯಾರನ್ನಿನ ಅಂಗಳದಲ್ಲೊಂದು ಚಿಕ್ಕ ಮದುವೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹೊಗೆಸೊಪ್ಪಿನ ಊರುಗಳಲ್ಲಿ ಬ್ಯಾರನ್ ಕಾಣದ ಓಣಿ ಅಪರೂಪ. ಎತ್ತರದ ಗೋಡೆ, ಕಿರಿದಾದ ಬಾಗಿಲು, ಹೊರಗೆ ಒಲೆಯ ಬಾಯಿ, ಒಳಗೆ ನೆಲದ ಮೇಲೆ ಹಾಯ್ದ ತಗಡಿನ ಕೊಳವೆ, ಅದರ ಮೇಲೆ ಅಂತಸ್ತು ಅಂತಸ್ತಾಗಿ ಕಟ್ಟಿದ ಅಡ್ಡಮರಗಳು. ಜುಲೈನಿಂದ ಅಕ್ಟೋಬರ್‌ವರೆಗೆ ಇವುಗಳಿಗೆ ಹಗಲಿರುಳು ಬಿಡುವಿಲ್ಲ. ಅನಂತರ ಮುಂದಿನ ಮುಂಗಾರು ಬೆಳೆ ಕೈಗೆ ಬರುವತನಕ ಅವು ಬಹುಮಟ್ಟಿಗೆ ಖಾಲಿ. ನಮ್ಮಲ್ಲಿ ಮದುವೆಗಳು ಹೆಚ್ಚಾಗಿ ನಡೆಯುವ ಮಾಘ, ಫಾಲ್ಗುಣ, ವೈಶಾಖ ಮಾಸಗಳು ಬರುವುದು ಈ ಬಿಡುವಿನಲ್ಲೇ. ಆದರೂ ಅಂಗಳವಿರುವ ಮನೆಯವರೇ ಪಟ್ಟಣದ ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟು, ಬಸ್ಸು ಮಾಡಿಕೊಂಡು, ಊರನ್ನೆಲ್ಲ ಹೊತ್ತೊಯ್ದು ಅಲ್ಲಿ ಮದುವೆ ಮಾಡಿ ಬರುತ್ತಿದ್ದಾರೆ. ಮದುವೆ ಮತ್ತೆ ಅಂಗಳಕ್ಕೆ ಬರಬೇಕು, ಚಿಕ್ಕದಾಗಿ, ಬಣ್ಣಬಣ್ಣವಾಗಿ, ಆತುರವಿಲ್ಲದೆ ನಡೆಯಬೇಕು ಎಂಬುದು ಈ ಲೇಖನದ ವಾದ. ಇದು ಬರಿಯ ಮಿತವ್ಯಯದ ಮಾತಲ್ಲ. ನಮ್ಮ ಕಾಡು, ನಮ್ಮ ಹೊಲ ಎರಡಕ್ಕೂ ಸಂಬಂಧಿಸಿದ ವಿಷಯ.

ಸಂಬಂಧ ಹೇಗೆ ಎಂದು ಕೇಳಬಹುದು. ಒಂದು ಕಿಲೋ ಸೊಪ್ಪನ್ನು ಹದಮಾಡಲು ಸುಮಾರು 4-5 ಕಿಲೋ ಸೌದೆ ಬೇಕಾಗುತ್ತದೆ. ನಮ್ಮ ಬೇಲಿಸಾಲಿನ ಮರಗಳು, ತೋಪುಗಳು ಯಾವ ಒಲೆಗೆ ಹೋದವು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ತಂಬಾಕು ಬಿಡಬಯಸುವ ರೈತರಿಗೆ ಬದಲಿ ಜೀವನೋಪಾಯಕ್ಕೆ ನೆರವಾಗಬೇಕೆಂಬ ಅಂಶವುಳ್ಳ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದವನ್ನು ಭಾರತ 2004ರಲ್ಲಿಯೇ ಅಂಗೀಕರಿಸಿತು. ಹಾಗಿದ್ದೂ ರೈತ ತಂಬಾಕನ್ನು ಬಿಡುವುದು ಏಕೆ ಕಷ್ಟ? ಬದಲಿ ಬೆಳೆಗೆ ಭರವಸೆಯ ಮಾರುಕಟ್ಟೆ ಇಲ್ಲ ಎಂಬುದು ಮೊದಲ ಕಾರಣ. ಎರಡನೆಯದು ಸಾಲ. ಮನೆಯಲ್ಲಿ ಒಂದು ದೊಡ್ಡ ಮದುವೆ ನಡೆದರೆ ಅದರ ಸಾಲ ಹಲವು ವರ್ಷ ಬೆನ್ನು ಬಿಡುವುದಿಲ್ಲ. ಸಾಲಗಾರನಿಗೆ ಒಂದೇ ಗಂಟಿನಲ್ಲಿ ಹಣ ತರುವ ಬೆಳೆ ಬೇಕು. ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯೇ ಅವನ ಕಣ್ಣ ಮುಂದೆ ನಿಲ್ಲುತ್ತದೆ. ರಾಗಿ, ಅವರೆ, ಹುಚ್ಚೆಳ್ಳು, ಹಣ್ಣಿನ ಗಿಡಗಳತ್ತ ಮೆಲ್ಲನೆ ಹೊರಳಲು ಬೇಕಾದ ಎರಡು ಮೂರು ವರ್ಷಗಳ ಸಾವಧಾನವನ್ನು ಸಾಲ ಅವನಿಗೆ ಕೊಡುವುದಿಲ್ಲ. ಹೀಗೆ ಮಂಟಪದ ದೀಪಾಲಂಕಾರವು ಬ್ಯಾರನ್ನಿನ ಒಲೆಯನ್ನು ಮತ್ತಷ್ಟು ವರ್ಷ ಉರಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2015ರಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ರೈತರು ಸಾಲುಸಾಲಾಗಿ ಆತ್ಮಹತ್ಯೆ ಮಾಡಿಕೊಂಡಾಗ, ರೈತ ಮದುವೆ ಮುಂಜಿಗೆ ದುಂದುವೆಚ್ಚ ಮಾಡಿ ಕೆಟ್ಟ ಎಂಬ ಮಾತು ಕೇಳಿಬಂತು. ಬೆಲೆಯ ಅನ್ಯಾಯವನ್ನು ಮದುವೆಯ ಖರ್ಚಿನ ಹಿಂದೆ ಬಚ್ಚಿಡುವುದು ಸಲ್ಲದು. ನ್ಯಾಯವಾದ ಬೆಲೆಗಾಗಿ ಹೋರಾಡುವುದು ಬೇರೆ, ನಮ್ಮ ಕೈಯಲ್ಲೇ ಇರುವ ಖರ್ಚನ್ನು ತಗ್ಗಿಸುವುದು ಬೇರೆ. ಒಂದು ಮತ್ತೊಂದಕ್ಕೆ ಬದಲಿಯಲ್ಲ, ಎರಡೂ ಆಗಬೇಕು.

ಸರಳ ವಿವಾಹವೆಂಬುದು ಪರವೂರಿನಿಂದ ತರಬೇಕಾದ ಸರಕೇನೂ ಅಲ್ಲ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ವಿವಾಹ ಮೂಡಿಗೆರೆ ಸಮೀಪದ ಚಿತ್ರಕೂಟ ತೋಟದಲ್ಲಿ ಮಂತ್ರ ಮಾಂಗಲ್ಯ ಪದ್ಧತಿಯಲ್ಲಿ ನಡೆಯಿತು. ವರದಕ್ಷಿಣೆ, ಆಡಂಬರ, ಪುರೋಹಿತಶಾಹಿಗಳನ್ನು ದೂರವಿಟ್ಟು, ವಧೂವರರು ಅರ್ಥ ತಿಳಿದು ವಚನ ಸ್ವೀಕರಿಸುವ ಈ ವಿಧಾನವನ್ನು ರೂಪಿಸಿದವರು ಕುವೆಂಪು. ಮುಂದೆ ರೈತ ಚಳವಳಿಯವರು ಸರಳ ವಿವಾಹವನ್ನು ಹಳ್ಳಿಹಳ್ಳಿಗೆ ಒಯ್ದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತ ಬಂದಿವೆ. 2020ರಲ್ಲಿ ಕೊರೋನಾ ಕಾಲದ ನಿಯಮವು ಮದುವೆಯ ಅತಿಥಿಗಳನ್ನು 50ಕ್ಕೆ ಮಿತಿಗೊಳಿಸಿದಾಗ ಎಷ್ಟೋ ಮನೆಗಳ ಮುಂದೆ ಮತ್ತೆ ಚಪ್ಪರ ಎದ್ದಿತು. ಆ ದಂಪತಿಗಳ ಬಾಳು ಯಾವ ವಿಧದಲ್ಲಿಯೂ ಕಡಿಮೆಯಾಗಲಿಲ್ಲ. ನಿಯಮ ಸಡಿಲವಾದೊಡನೆ ನಾವು ಮತ್ತೆ ಮಂಟಪಕ್ಕೆ ಓಡಿದೆವು.

ಮಂಟಪದಲ್ಲಿ ಏನಾಗುತ್ತದೆಂದು ಲೆಕ್ಕ ಹಾಕಿ ನೋಡೋಣ. ಸಾವಿರ ಜನ ಉಂಡರೆಂದಿಟ್ಟುಕೊಳ್ಳಿ. ತಲಾ ಒಂದು ನೀರಿನ ಬಾಟಲಿ, ಎರಡು ಲೋಟ, ಒಂದು ಐಸ್‌ಕ್ರೀಂ ಬಟ್ಟಲು, ಒಂದು ಚಮಚ. ಒಂದೇ ಊಟಕ್ಕೆ 5,000 ಬಿಸಾಡುವ ವಸ್ತುಗಳಾದವು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸ್‌ಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ಕೇಂದ್ರವು 2022ರ ಜುಲೈ 1ರಿಂದ ನಿಷೇಧಿಸಿತು. ಕಾನೂನು ಕಡತದಲ್ಲಿದೆ, ಲೋಟ ಕೆರೆಯ ಏರಿಯ ಮೇಲಿದೆ. ಕಾಗದದ ಲೋಟವೆಂದು ಸಮಾಧಾನಪಡುವವರು ಅದರ ಒಳಮೈಗೂ ಪ್ಲಾಸ್ಟಿಕ್ ಲೇಪವಿರುವುದನ್ನು ಮರೆಯಬಾರದು.

ಹಾಗಾದರೆ ಅಂಗಳದ ಮದುವೆಯನ್ನು ಅಣಿಗೊಳಿಸುವುದು ಹೇಗೆ? ಕೃಷಿಯ ವಿದ್ಯಾರ್ಥಿಯಾಗಿ ನನಗೆ ತಿಳಿದ ಕೆಲವು ಸಂಗತಿಗಳನ್ನು ಇಲ್ಲಿ ಇಡುತ್ತೇನೆ.

ಮೊದಲನೆಯದು ಸ್ಥಳ. ಬ್ಯಾರನ್ನಿನ ಒಳಗೆ ಜನರನ್ನು ಕೂರಿಸಬಾರದು. ಬಾಗಿಲು ಕಿರಿದು, ಸೊಪ್ಪಿನ ದೂಳು ಉಳಿದಿರುತ್ತದೆ, ಎಷ್ಟೋ ಕಡೆ ಕೀಟನಾಶಕದ ಡಬ್ಬಗಳನ್ನು ಅಲ್ಲೇ ಇಟ್ಟಿರುತ್ತಾರೆ. ಬಾಗಿಲಿಗೆ ಬೀಗ ಹಾಕಿ ಅಂಗಳವನ್ನು ಬಳಸಿಕೊಳ್ಳಬೇಕು. ಬೆಳಗಿನ ಧಾರೆಗೆ ಬ್ಯಾರನ್ನಿನ ಪಡುವಣ ಅಂಗಳ ಉತ್ತಮ. ಏರುವ ಬಿಸಿಲಿಗೆ ಆ ಎತ್ತರದ ಗೋಡೆಯೇ ನೆರಳಾಗುತ್ತದೆ. ಮೂರು ದಿನ ಮೊದಲೇ ಸಗಣಿ ಸಾರಿಸಿ ಗಟ್ಟಿ ಮಾಡಿದ ನೆಲದಲ್ಲಿ ದೂಳು ಏಳದು. ಚಪ್ಪರಕ್ಕೆ ಎಳೆಯ ಮರಗಳನ್ನು ಕಡಿಯದೆ, ಊರಿಗೊಂದರಂತೆ ಬಿದಿರುಗಳದ ಒಂದು ಕಂತೆಯನ್ನು ಇಟ್ಟುಕೊಂಡರೆ ಎಲ್ಲ ಮನೆಗಳ ಮದುವೆಗೂ ಅದೇ ಸಾಕು. ಮೇಲೆ ಹೆಣೆದ ತೆಂಗಿನ ಗರಿ, ಬಾಗಿಲಿಗೆ ಮಾವಿನ ತೋರಣ. ಗರಿ ಒಣಗಿದ್ದರೆ ಕಿಡಿಯೇ ಸಾಕು. ಆದುದರಿಂದ ಅಡುಗೆಯ ಒಲೆಯನ್ನು ಗಾಳಿ ಬೀಸುವ ದಿಕ್ಕನ್ನು ನೋಡಿ ದೂರವಿಡಬೇಕು, ಪಕ್ಕದಲ್ಲಿ ನೀರು ತುಂಬಿದ ಡ್ರಮ್ಮು ಇರಬೇಕು.

ಎರಡನೆಯದು ಬಣ್ಣ. ಪ್ಲಾಸ್ಟಿಕ್ ಹೂವು, ಥರ್ಮೋಕೋಲು ಬೇಕಾಗಿಲ್ಲ. ಮಾಘದ ಮದುವೆಗೆ ಕಾರ್ತಿಕದಲ್ಲಿ ಚೆಂಡುಹೂವಿನ ಬೀಜ ಬಿತ್ತಿರಿ. ಮೂರು ನಾಲ್ಕು ವಾರಕ್ಕೆ ಸಸಿ, ನೆಟ್ಟ ಸುಮಾರು ಎರಡು ತಿಂಗಳಿಗೆ ಹೂವು. ಈ ಗಿಡದ ಬೇರು ಒಸರುವ ರಾಸಾಯನಿಕವು ಬೇರುಗಂಟು ಜಂತುಹುಳುವನ್ನು ತಗ್ಗಿಸುವುದರಿಂದ, ಮದುವೆ ಮುಗಿದ ಮೇಲೆಯೂ ಆ ಮಡಿಯ ಮಣ್ಣಿಗೆ ಲಾಭವಿದೆ. ಹಸಿ ಸೊಪ್ಪನ್ನು ಪೋಣಿಸಿ ಬ್ಯಾರನ್ನಿಗೆ ಏರಿಸುವ ಕೋಲುಗಳನ್ನು ಚೆನ್ನಾಗಿ ತೊಳೆದು ಒಣಗಿಸಿ, ಅವುಗಳಿಗೆ ಹಳದಿ, ಕಿತ್ತಳೆ ಹೂಮಾಲೆಗಳನ್ನು ಕಟ್ಟಿ ಚಪ್ಪರದ ಉದ್ದಕ್ಕೂ ತೂಗುಬಿಟ್ಟರೆ ಅದಕ್ಕಿಂತ ಚೆಲುವಾದ ಅಲಂಕಾರವನ್ನು ಪಟ್ಟಣದವರು ಒದಗಿಸಲಾರರು. ಅಜ್ಜಿ, ಅಮ್ಮ, ಅತ್ತೆಯರ ಹಳೆಯ ಸೀರೆಗಳು ಹಸೆಯ ಹಿಂದಿನ ಪರದೆಯಾಗಲಿ. ನೆಲಕ್ಕೆ ರಂಗೋಲಿ, ಗೋಡೆಗೆ ಸುಣ್ಣ ಕೆಮ್ಮಣ್ಣಿನ ಚಿತ್ತಾರ. ಅದನ್ನು ಊರಿನ ಶಾಲೆಯ ಮಕ್ಕಳಿಗೆ ಬಿಟ್ಟುಬಿಡಿ.

ಮೂರನೆಯದು ಊಟ. ಕೃಷ್ಣರಾಜನಗರದ ಕಡೆಯ ಗದ್ದೆಯ ಅಕ್ಕಿ, ನಮ್ಮ ಹೊಲದ ರಾಗಿ, ಆ ಕಾಲಕ್ಕೆ ಸಿಗುವ ಅವರೆಯ ಹಿತಕಿದ ಬೇಳೆ, ಒಂದು ಪಲ್ಯ, ಒಂದು ಕೋಸಂಬರಿ, ಶ್ಯಾವಿಗೆ ಪಾಯಸ, ಮಜ್ಜಿಗೆ. ಇಷ್ಟಾದರೆ ಯಾರೂ ಹಸಿದು ಹೋಗುವುದಿಲ್ಲ. ಬಾಳೆ ಎಲೆ ಅಥವಾ ಮುತ್ತುಗದೆಲೆ, ಸ್ಟೀಲಿನ ಲೋಟ, ಮಣ್ಣಿನ ಹರವಿಯ ನೀರು. ಉಂಡ ಎಲೆಗಳನ್ನು ಗುಂಡಿಯಲ್ಲಿ ಒಂದು ಪದರ ಹಾಕಿ, ಮೇಲೊಂದು ಪದರ ಒಣಹುಲ್ಲು, ಅದರ ಮೇಲೆ ಸಗಣಿ ಬಗ್ಗಡ. ಹೀಗೆ ಪದರ ಪದರವಾಗಿ ಮುಚ್ಚಿ ತೇವ ಕಾಪಾಡಿದರೆ ಮುಂಗಾರಿನ ಹೊತ್ತಿಗೆ ಗೊಬ್ಬರ ಸಿದ್ಧ. ಮಿಕ್ಕ ಅನ್ನ ಪಾಯಸವನ್ನು ಮಾತ್ರ ಬಾನಿಗಟ್ಟಲೆ ಹಸುವಿಗೆ ಸುರಿಯಬೇಡಿ. ಬೇಯಿಸಿದ ಅನ್ನ ಒಮ್ಮೆಗೇ ಹೆಚ್ಚಾದರೆ ಮೆಲುಕು ಹೊಟ್ಟೆಯಲ್ಲಿ ಆಮ್ಲ ಏರಿ ಹಸು ಸಾಯಲೂಬಹುದು. ಮದುವೆಮನೆಯ ಮರುದಿನ ಪಶುವೈದ್ಯರನ್ನು ಹುಡುಕಿಕೊಂಡು ಓಡುವುದು ನಮ್ಮ ಊರುಗಳಲ್ಲಿ ಹೊಸತೇನಲ್ಲ.

ನಾಲ್ಕನೆಯದು ಹೊತ್ತು ಮತ್ತು ಸದ್ದು. ಹನಗೋಡು, ಅಂತರಸಂತೆಯಂತಹ ಕಾಡಂಚಿನ ಕಡೆಗಳಲ್ಲಿ ಕತ್ತಲಾದ ಮೇಲೆ ದಾರಿ ಆನೆಗಳದ್ದು. ಇರುಳಿನ ಆರತಕ್ಷತೆ, ಪಟಾಕಿ, ಎದೆ ನಡುಗಿಸುವ ಧ್ವನಿವರ್ಧಕ ಇವೆಲ್ಲ ಪ್ರಾಣಿಗೂ ಹಿಂಸೆ, ಮನೆಗೆ ಮರಳುವ ಅತಿಥಿಗೂ ಅಪಾಯ. ಬೆಳಿಗ್ಗೆ ಧಾರೆ, ಮಧ್ಯಾಹ್ನ ಊಟ, ಇಳಿಹೊತ್ತಿಗೆ ಸೋಬಾನೆ ಪದ, ಸಂಜೆಗೆ ಮುಂಚೆ ಬೀಳ್ಕೊಡುಗೆ. ಪದ ಹೇಳುವ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ದನಿ ಕೇಳಬೇಕಾದರೆ ಯಂತ್ರದ ಸದ್ದು ಅಡಗಬೇಕು.

ಇನ್ನು ಈ ವಿಚಾರಕ್ಕೆ ಬರಬಹುದಾದ ಎರಡು ಆಕ್ಷೇಪಣೆಗಳನ್ನು ಗಂಭೀರವಾಗಿ ಪರಿಗಣಿಸಬೇಕು.

ಮನೆಯ ಮದುವೆಯೆಂದರೆ ವಾರಗಟ್ಟಲೆ ಒಲೆಯ ಮುಂದೆ ಬೇಯುತ್ತಿದ್ದವರು ಹೆಂಗಸರು. ಕಲ್ಯಾಣ ಮಂಟಪ ಅವರನ್ನು ಆ ಹೊಗೆಯಿಂದ ಬಿಡಿಸಿತು ಎಂಬುದು ಸತ್ಯ. ಅಂಗಳಕ್ಕೆ ಮರಳುವ ಮದುವೆ ಅವರನ್ನು ಮತ್ತೆ ಒಲೆಗೆ ಕಟ್ಟುವುದಾದರೆ ಅಂಥ ಸರಳತೆ ನಮಗೆ ಬೇಡ. ನಾಟಿ, ಕೊಯ್ಲಿಗೆ ನಾವು ಮುಯ್ಯಾಳು ಕಟ್ಟಿಕೊಳ್ಳುವುದಿಲ್ಲವೇ? ಅದೇ ಕ್ರಮದಲ್ಲಿ ಮದುವೆಗೂ ಮನೆಗೊಬ್ಬ ಗಂಡಸು ಬರಲಿ. ಒಬ್ಬರು ನೀರು ಹೊರಲಿ, ಒಬ್ಬರು ತರಕಾರಿ ಹೆಚ್ಚಲಿ, ಒಬ್ಬರು ಪಾತ್ರೆ ಬೆಳಗಲಿ. ಮದುವೆಮನೆಯ ತಾಯಿ ತನ್ನ ಮಗಳ ಧಾರೆಯನ್ನು ಕುಳಿತು ನೋಡುವಂತಾದರೆ ಮಾತ್ರ ಅದು ನಿರಾತಂಕದ ಮದುವೆ.

ಎರಡನೆಯ ಆಕ್ಷೇಪಣೆ ಇನ್ನೂ ಆಳವಾದುದು. ಕರೆಯುವವರ ಪಟ್ಟಿ ಚಿಕ್ಕದಾಗುವಾಗ ಮೊದಲು ಬಿಟ್ಟುಹೋಗುವ ಹೆಸರು ಯಾರದು? ದೂರದ ಗುತ್ತಿಗೆದಾರರು, ರಾಜಕೀಯದ ಪರಿಚಯಸ್ಥರು ಉಳಿಯುತ್ತಾರೆ. ಸೊಪ್ಪು ಮುರಿದವರು, ಪೋಣಿಸಿದವರು, ಗ್ರೇಡು ಮಾಡಿದ ಹೆಣ್ಣುಮಕ್ಕಳು, ರಾತ್ರಿಯಿಡೀ ಒಲೆ ಕಾದವರು, ಕೇರಿಯವರು, ಹಾಡಿಯವರು ಬಿಟ್ಟುಹೋಗುತ್ತಾರೆ. ಹೀಗಾದರೆ ಚಿಕ್ಕ ಮದುವೆ ಜಾತಿಯ ಮದುವೆಯಾಗುತ್ತದೆ, ಅಷ್ಟೆ. ಆದುದರಿಂದ ನನ್ನ ಸೂಚನೆ ಇದು: ಆಪ್ತ ಬಂಧುಗಳನ್ನು ಕರೆದ ಮೇಲೆ, ನಡೆದು ಬರಬಲ್ಲವರನ್ನು ಮೊದಲು ಕರೆಯಿರಿ, ಆ ಅಂಗಳದಲ್ಲಿ ದುಡಿದವರನ್ನು ಅವರೆಲ್ಲರಿಗಿಂತ ಮೊದಲು ಕರೆಯಿರಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಲಿ. ಮದುವೆ ಚಿಕ್ಕದಾಗಬೇಕಾದುದು ಸಾಮಾನಿನಲ್ಲಿ, ದೂರದಲ್ಲಿ, ಸಾಲದಲ್ಲಿ. ಪಂಕ್ತಿ ಕಿರಿದಾಗಬಾರದು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಲೇಬೇಕು. ಹಿಂದೂ ವಿವಾಹ ಕಾಯಿದೆಯ ಮದುವೆಗೆ ಸಂಪ್ರದಾಯದ ವಿಧಿ ನಡೆದಿರಬೇಕು, ಬರಿಯ ನೋಂದಣಿ ಪತ್ರ ಸಾಲದು ಎಂದು ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಹೇಳಿದೆ. ವಿಶೇಷ ವಿವಾಹ ಕಾಯಿದೆಯಡಿ ಆಗುವವರು 30 ದಿನ ಮೊದಲೇ ತಿಳಿವಳಿಕೆ ಪತ್ರ ನೀಡಬೇಕು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿ, ಸಾಕ್ಷಿಗಳೊಡನೆ ನೋಂದಣಿ ಮಾಡಿಸಿಕೊಂಡರೆ ಸರಳ ಮದುವೆ ಯಾವ ಮದುವೆಗೂ ಕಡಿಮೆಯಲ್ಲ.

ಈ ಕೆಲಸ ಯಾರಿಂದ ಆರಂಭವಾಗಬೇಕು? ಬಡವ ಅಂಗಳದಲ್ಲಿ ಮದುವೆ ಮಾಡಿದರೆ ಊರು ಅದನ್ನು ಬಡತನವೆಂದೇ ಓದುತ್ತದೆ. ಹೆಣ್ಣಿನ ತಂದೆ ತಲೆ ತಗ್ಗಿಸಬೇಕಾಗುತ್ತದೆ. ಹತ್ತು ಎಕರೆಯವರು, ಸಂಬಳದವರು, ಸಂಘ ಸಂಸ್ಥೆಗಳ ಮುಖಂಡರು ಮೊದಲು ಮಾಡಿ ತೋರಿಸಿದರೆ ಮಾತ್ರ ಅದು ಆದರ್ಶವಾಗುತ್ತದೆ. ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿಯೂ ಇಷ್ಟೇ. ನಿಮ್ಮ ಮದುವೆಯ ಮಾತು ಮನೆಯಲ್ಲಿ ಎದ್ದ ದಿನವೇ, ಮಂಟಪಕ್ಕೆ ಮುಂಗಡ ಹೋಗುವ ಮೊದಲು, ನಿಮ್ಮ ಇಚ್ಛೆಯನ್ನು ವಿನಯದಿಂದ, ಆದರೆ ಸ್ಪಷ್ಟವಾಗಿ ತಿಳಿಸಿ. ಉಳಿದ ಹಣದಲ್ಲಿ ಒಂದು ಕೃಷಿಹೊಂಡ ತೋಡಬಹುದು, ಬದುವಿನ ಉದ್ದಕ್ಕೂ ಹಲಸು, ಮಾವು, ಹೊಂಗೆ ನೆಡಬಹುದು, ಎರಡು ವರ್ಷ ತಂಬಾಕಿಲ್ಲದೆ ಬದುಕಿ ನೋಡಬಹುದು. ಸಾಲವಿಲ್ಲದೆ ಆರಂಭವಾದ ಸಂಸಾರಕ್ಕೆ ಯಾವ ಬೆಳೆ ಬೆಳೆಯಬೇಕೆಂದು ತಾನೇ ನಿರ್ಧರಿಸುವ ಸ್ವಾತಂತ್ರ್ಯವಿರುತ್ತದೆ. ನವದಂಪತಿಗಳಿಗೆ ನಾವು ಕೊಡಬಹುದಾದ ಮುಯ್ಯಿಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ತೋರದು.