ಸಿಂಹಾಸನದ ಕಲಹಕ್ಕೆ ಮತದ ಹೆಸರು: ಕೋಗಳಿನಾಡಿನ ಶಾಸನಗಳು ಹೇಳುವುದೇನು?

ಹನ್ನೆರಡನೆಯ ಶತಮಾನದ ಕಲ್ಯಾಣದ ಕ್ಷೋಭೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುವ ರೂಢಿ ನಮ್ಮ ಪಾಠಪ್ರವಚನಗಳಲ್ಲಿ ಬೇರೂರಿದೆ. ಜೈನ ಅರಸನಾದ ಬಿಜ್ಜಳನಿಗೂ ಶರಣರಿಗೂ ನಡೆದ ಮತಕಲಹದಿಂದ ಕಲ್ಯಾಣ ಅಳಿಯಿತು ಎಂಬುದೇ ಆ ವಾಕ್ಯ. ಪರೀಕ್ಷೆಯ ಉತ್ತರಪತ್ರಿಕೆಗೆ ಇದು ಅನುಕೂಲವಾಗಿರಬಹುದು. ಚರಿತ್ರೆಗೆ ಮಾತ್ರ ಅಪಚಾರವೆಸಗುತ್ತದೆ. ಒಂದು ಸಾಮ್ರಾಜ್ಯದ ಒಡೆತನಕ್ಕಾಗಿ ಮೂರು ದಶಕಗಳ ಕಾಲ ನಡೆದ ಅಂತರ್ಯುದ್ಧ ಈ ವಾಕ್ಯದಲ್ಲಿ ಕಣ್ಮರೆಯಾಗುತ್ತದೆ. ಅದರ ಜಾಗದಲ್ಲಿ ಎರಡು ಮತಗಳು ಎದುರುಬದುರು ನಿಲ್ಲುತ್ತವೆ. ಎಂಟುನೂರು ವರ್ಷಗಳ ಬಳಿಕವೂ ಆ ಮತಗಳ ಅನುಯಾಯಿಗಳು ಅದೇ ಸ್ಥಾನದಲ್ಲಿ ನಿಂತೇ ಪರಸ್ಪರರನ್ನು ನೋಡಬೇಕಾದ ಸ್ಥಿತಿ ಉಂಟಾಗಿದೆ. ಅಂತರ್ಯುದ್ಧವೊಂದು ಸಮಾಜದ ಮೇಲೆ ಬಿಟ್ಟುಹೋಗುವ ಅತ್ಯಂತ ದೀರ್ಘಕಾಲದ ಗಾಯ ಯಾವುದೆಂದರೆ, ಅದನ್ನು ಕುರಿತು ಮುಂದಿನವರು ಹೇಳಿಕೊಂಡ ಕಥೆ.

ಈ ಮಾತನ್ನು ಪರೀಕ್ಷಿಸಲು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಗಳ ನೆಲಕ್ಕಿಂತ ತಕ್ಕ ಜಾಗ ಬೇರೊಂದಿಲ್ಲ. ನೊಳಂಬವಾಡಿ–32000ಕ್ಕೆ ಸೇರಿದ ಕೋಗಳಿ–500ರ ಸುತ್ತಮುತ್ತಲಿನ ಪ್ರದೇಶವಿದು. ಕಲ್ಯಾಣದ ಗದ್ದುಗೆ ಅಲುಗಿದಾಗಲೆಲ್ಲ ಅದರ ಕಂಪನ ಈ ನಾಡನ್ನು ತಟ್ಟಿದೆ. ಇಲ್ಲಿಯ ಶಾಸನಗಳು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಪ್ರಕಟವಾಗಿ ದಶಕಗಳೇ ಕಳೆದಿವೆ. ಕಲ್ಯಾಣವನ್ನು ಕುರಿತು ಬರೆಯುವವರ ಮೇಜಿನ ಮೇಲೆ ಪುರಾಣಗಳಿರುತ್ತವೆ, ಈ ಸಂಪುಟ ಇರುವುದು ಅಪರೂಪ.

ಮೊದಲನೆಯ ಅಂತರ್ಯುದ್ಧ ಆರಂಭವಾದದ್ದೇ ಈ ನೆಲದಲ್ಲಿ ಎನ್ನಬಹುದು. 1068ರಲ್ಲಿ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರ, ಇಂದಿನ ಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿ ತುಂಗಭದ್ರೆಗೆ ದೇಹವನ್ನೊಪ್ಪಿಸಿ ಪ್ರಾಣಬಿಟ್ಟ. ಹಿರಿಯ ಮಗ ಎರಡನೆಯ ಸೋಮೇಶ್ವರ ಪಟ್ಟವೇರಿದ. ಕಿರಿಯನಾದ ವಿಕ್ರಮಾದಿತ್ಯ ಚೋಳ ವೀರರಾಜೇಂದ್ರನ ಅಳಿಯನಾಗಿ ಅವನ ಬೆಂಬಲ ಪಡೆದ. ಮಾವನ ಸೈನ್ಯ ಗುತ್ತಿಯವರೆಗೆ ನುಗ್ಗಿ ಬಂದು ಕಂಪಿಲಿಯನ್ನು ಸುಟ್ಟದ್ದನ್ನು ಚೋಳ ಶಾಸನಗಳೇ ಹೆಮ್ಮೆಯಿಂದ ಹೇಳಿಕೊಂಡಿವೆ. 1076ರಲ್ಲಿ ಅಣ್ಣ ಸೆರೆಯಾದ. ತಮ್ಮ ತನ್ನದೇ ಶಕವನ್ನು ಆರಂಭಿಸಿದ. ಮುಂದೆ ಕೆಲವೇ ವರ್ಷಗಳಲ್ಲಿ, ನೊಳಂಬ ಪಲ್ಲವ ಪೆರ್ಮಾನಡಿ ಎಂಬ ಬಿರುದು ಹೊತ್ತಿದ್ದ ಮತ್ತೊಬ್ಬ ತಮ್ಮ ಜಯಸಿಂಹನೂ ವಿಕ್ರಮಾದಿತ್ಯನ ಮೇಲೆ ತಿರುಗಿಬಿದ್ದು ಸೋತ. ಮೂವರು ಸಹೋದರರ ನಡುವಿನ ಈ ಕಲಹದಲ್ಲಿ ಮತದ ಪ್ರಶ್ನೆ ಎಲ್ಲಿಯೂ ಇರಲಿಲ್ಲ.

ಆದರೂ ಅದಕ್ಕೆ ದೈವದ ಮುದ್ರೆ ಬೀಳದೆ ಹೋಗಲಿಲ್ಲ. ವಿಕ್ರಮಾದಿತ್ಯನ ಆಸ್ಥಾನ ಸೇರಿದ ಕಾಶ್ಮೀರದ ಕವಿ ಬಿಲ್ಹಣ ತನ್ನ 'ವಿಕ್ರಮಾಂಕದೇವಚರಿತ'ದಲ್ಲಿ ಅಣ್ಣನನ್ನು ದುರಾಚಾರಿಯನ್ನಾಗಿ ಚಿತ್ರಿಸಿದ. ಅಣ್ಣನೊಡನೆ ಕಾದಲು ಒಲ್ಲದ ತಮ್ಮನಿಗೆ ಸಾಕ್ಷಾತ್ ಶಿವನೇ ಆಜ್ಞೆಯಿತ್ತನೆಂದು ಹಾಡಿದ. ಗೆದ್ದವನ ಅನ್ನದ ಋಣ ತೀರಿಸಿದ ಕಾವ್ಯವದು. ಇದೇ ಚಾಲುಕ್ಯರ ಆಸ್ಥಾನದಲ್ಲಿ ಸುಮಾರು ಒಂದು ಶತಮಾನ ಮೊದಲು ರನ್ನ ಕವಿಯೂ ದಾಯಾದಿಗಳ ಯುದ್ಧವನ್ನೇ ವಸ್ತುವಾಗಿ ಎತ್ತಿಕೊಂಡಿದ್ದ. ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿಯೂ ಅವನು ದುರ್ಯೋಧನನ ಘನತೆಯನ್ನು ಕುಗ್ಗಿಸಲಿಲ್ಲ. ಸೋತವನಿಗೂ ಮರ್ಯಾದೆ ಸಲ್ಲಿಸುವ ಈ ಗುಣ 'ಗದಾಯುದ್ಧ'ವನ್ನು ಕನ್ನಡದ ದೊಡ್ಡ ಕೃತಿಗಳಲ್ಲೊಂದನ್ನಾಗಿಸಿದೆ. ದುರಂತವೆಂದರೆ, ನಮ್ಮ ಚರಿತ್ರೆಯ ಬರವಣಿಗೆ ರನ್ನನ ದಾರಿಯನ್ನು ಬಿಟ್ಟು ಬಿಲ್ಹಣನ ದಾರಿಯನ್ನು ಹಿಡಿಯಿತು.

ಎರಡನೆಯ ಅಂತರ್ಯುದ್ಧ ಇನ್ನೂ ದೀರ್ಘವಾದುದು. ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದ ಕಳಚುರಿ ಬಿಜ್ಜಳ 1157ರ ಸುಮಾರಿಗೆ ಸ್ವತಂತ್ರನಂತೆ ನಡೆದುಕೊಳ್ಳತೊಡಗಿ, 1162ರ ಹೊತ್ತಿಗೆ ಚಕ್ರವರ್ತಿಯ ಬಿರುದುಗಳನ್ನು ಧರಿಸಿದ. 1167–68ರಲ್ಲಿ ಅವನ ಆಳ್ವಿಕೆ ಮುಗಿಯಿತು. ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣ ಎಂಬ ಮಕ್ಕಳು ಒಬ್ಬರ ಹಿಂದೊಬ್ಬರು ಪಟ್ಟಕ್ಕೆ ಬಂದರು. 1184ರ ಸುಮಾರಿಗೆ ದಂಡನಾಯಕ ಬ್ರಹ್ಮನ ನೆರವಿನಿಂದ ನಾಲ್ಕನೆಯ ಸೋಮೇಶ್ವರ ಚಾಲುಕ್ಯ ಪ್ರಭುತ್ವವನ್ನು ಮರಳಿ ಸ್ಥಾಪಿಸಿದನಾದರೂ ಅದು ಹೆಚ್ಚು ಕಾಲ ಉಳಿಯಲಿಲ್ಲ. ಈ ಗೊಂದಲದ ನಡುವೆಯೇ, 1177ರಲ್ಲಿ, ಹೊಯ್ಸಳ ಇಮ್ಮಡಿ ಬಲ್ಲಾಳ ಇಂದಿನ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವನ್ನು ಪಾಂಡ್ಯರಿಂದ ಕಿತ್ತುಕೊಂಡ. ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಎಂಬ ಅವನ ಬಿರುದುಗಳು ಈ ವಿಜಯದ ನೆನಪಿನವು. ಉತ್ತರದಿಂದ ಸೇವುಣ ಭಿಲ್ಲಮ, ದಕ್ಷಿಣದಿಂದ ಬಲ್ಲಾಳ ನುಗ್ಗಿ ಬಂದು ಸೊರಟೂರಿನಲ್ಲಿ ಕಾದಾಡಿದಾಗ ಕನ್ನಡ ನಾಡು ಎರಡಾಗಿ ಸೀಳಿಹೋಯಿತು, ಕೃಷ್ಣಾ–ಮಲಪ್ರಭೆಗಳು ಗಡಿಯಾದವು. ಒಳಗಿನ ಕಲಹದಿಂದ ಟೊಳ್ಳಾದ ಮನೆಯನ್ನು ಹೊರಗಿನವರು ಹಂಚಿಕೊಂಡ ಕಥೆಯಿದು. ಇದರಲ್ಲಿ ಸಾಮಂತರಿದ್ದಾರೆ, ದಂಡನಾಯಕರಿದ್ದಾರೆ, ದುರ್ಗಗಳಿವೆ. ಇಷ್ಟನ್ನೂ ಬದಿಗೊತ್ತಿ 'ಮತಕಲಹ' ಎಂಬ ಒಂದು ಪದವನ್ನು ಕೂರಿಸುವುದು ಯಾವ ಬಗೆಯ ಸಂಶೋಧನೆ?

ಬಿಜ್ಜಳನ ಮತದ ಪ್ರಶ್ನೆಗೆ ಬರೋಣ. ಸುವರ್ಣವೃಷಭಧ್ವಜ ಎಂಬುದು ಅವನ ವಂಶದ ಬಿರುದುಗಳಲ್ಲೊಂದು. ಬಂಗಾರದ ನಂದಿ ಅವರ ಬಾವುಟದ ಲಾಂಛನ. 1162ರಲ್ಲಿ ಬಳ್ಳಿಗಾವೆಗೆ ಬಂದ ಬಿಜ್ಜಳ ಅಲ್ಲಿನ ದಕ್ಷಿಣ ಕೇದಾರೇಶ್ವರಕ್ಕೆ ದತ್ತಿ ಬಿಟ್ಟ. ಹಿರೇಕೆರೂರು ತಾಲ್ಲೂಕಿನ ಅಬ್ಬಲೂರು ಶಾಸನ ಇನ್ನೂ ಸ್ಪಷ್ಟವಾಗಿದೆ. ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ವಾದದಲ್ಲಿ ಜಯಪತ್ರ ಕೊಟ್ಟವನು ಬಿಜ್ಜಳ, ಪಡೆದವನು ರಾಮಯ್ಯ. ಜೈನರ ವಿರುದ್ಧ ತೀರ್ಪಿತ್ತ ಅರಸನನ್ನೇ ಜೈನಪಕ್ಷಪಾತಿಯೆಂದು ಎಂಟು ಶತಮಾನ ಹೊತ್ತು ತಿರುಗಿದ್ದೇವೆ. ಪಿ. ಬಿ. ದೇಸಾಯಿಯವರು ಬಸವೇಶ್ವರರ ಕಾಲವನ್ನು ಕುರಿತ ತಮ್ಮ ಗ್ರಂಥದಲ್ಲಿ ಬಿಜ್ಜಳ ಶೈವನೆಂಬುದನ್ನು ಶಾಸನಾಧಾರದಿಂದ ಪ್ರತಿಪಾದಿಸಿ ಅರ್ಧ ಶತಮಾನಕ್ಕೂ ಮಿಕ್ಕಿದೆ. ತರಗತಿಯ ಟಿಪ್ಪಣಿಗಳು ಮಾತ್ರ ಬದಲಾಗಿಲ್ಲ.

ಈ ತಪ್ಪಿನ ಹೊಣೆಯನ್ನು ಒಂದೇ ಪಕ್ಷದ ಮೇಲೆ ಹೊರಿಸುವುದು ಅನ್ಯಾಯವಾದೀತು. ಭೀಮಕವಿಯ 'ಬಸವಪುರಾಣ' 1369ರದು. ವಿರೂಪಾಕ್ಷ ಪಂಡಿತನ 'ಚೆನ್ನಬಸವ ಪುರಾಣ' 1584ರದು. ಘಟನೆಗೂ ಈ ಕೃತಿಗಳಿಗೂ ನಡುವೆ ಎರಡು ಮತ್ತು ನಾಲ್ಕು ಶತಮಾನಗಳ ಅಂತರವಿದೆ. ಭಕ್ತಿಯನ್ನು ನೆಲೆಗೊಳಿಸುವುದು ಅವುಗಳ ಉದ್ದೇಶವೇ ಹೊರತು ರಾಜಕೀಯ ಚರಿತ್ರೆಯನ್ನು ಬರೆಯುವುದಲ್ಲ. ಜೈನರ ಕಡೆಯಿಂದ ಧರಣಿಪಂಡಿತನ 'ಬಿಜ್ಜಳರಾಯ ಚರಿತೆ' ಬಂದದ್ದು ಇನ್ನೂ ತಡವಾಗಿ. ಎದುರು ಪಕ್ಷದ ಕಥೆಯನ್ನು ಪ್ರಶ್ನಿಸುವ ಬದಲು ಅದೇ ಚೌಕಟ್ಟನ್ನು ಒಪ್ಪಿಕೊಂಡು, ಒಳ್ಳೆಯವರು–ಕೆಟ್ಟವರ ಸ್ಥಾನಗಳನ್ನು ಅದಲುಬದಲು ಮಾಡಿದ ಕೃತಿಯದು. ಹೀಗೆ ಇಲ್ಲದ ಜೈನ ಚಕ್ರವರ್ತಿಯೊಬ್ಬನನ್ನು ಒಬ್ಬರು ದೂಷಣೆಗಾಗಿ, ಇನ್ನೊಬ್ಬರು ಅಭಿಮಾನಕ್ಕಾಗಿ ಉಳಿಸಿಕೊಂಡರು. ಪುರಾಣ ಬರೆದವರನ್ನು ತಪ್ಪುಗಾರರೆನ್ನಲಾಗದು. ಪುರಾಣವನ್ನು ದಸ್ತಾವೇಜೆಂದು ಓದಿದ ಸಂಶೋಧಕರು ಉತ್ತರ ಹೇಳಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಮತಘರ್ಷಣೆ ನಡೆಯಲೇ ಇಲ್ಲವೇ? ಖಂಡಿತ ನಡೆದಿದೆ. ಅಬ್ಬಲೂರಿನ ದೇವಾಲಯದ ಶಿಲ್ಪಗಳಲ್ಲಿಯೇ ಜಿನಬಿಂಬವನ್ನು ಒಡೆಯುವ ದೃಶ್ಯವಿದೆ. ಅದನ್ನು ಮುಚ್ಚಿಡುವುದು ಸೌಹಾರ್ದವೆನಿಸದು, ಅಪ್ರಾಮಾಣಿಕತೆಯಾಗುತ್ತದೆ. ಆದರೆ ಒಂದು ಊರಿನ ಒಂದು ಗುಡಿಯ ಜಗಳಕ್ಕೂ ಒಂದು ಸಾಮ್ರಾಜ್ಯದ ಅಂತರ್ಯುದ್ಧಕ್ಕೂ ಇರುವ ವ್ಯತ್ಯಾಸವನ್ನು ಅಳಿಸುವುದೂ ಅಷ್ಟೇ ಅಪ್ರಾಮಾಣಿಕ. ಸ್ಥಳೀಯ ಘರ್ಷಣೆಗಳನ್ನು ಅವುಗಳ ಊರು, ಕಾಲ, ಕಾರಣಗಳೊಡನೆ ಬರೆಯಬೇಕು. ಅವುಗಳನ್ನೆಲ್ಲ ಒಟ್ಟುಗೂಡಿಸಿ ಕಲ್ಯಾಣದ ಕುಲುಮೆಗೆ ಎಸೆಯಬಾರದು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಬಸದಿ ಈ ಮಾತಿಗೆ ಸಾಕ್ಷಿ. 1055ರ ಶಾಸನವೊಂದು, ಆ ಬಸದಿಯನ್ನು ಗಂಗರ ದುರ್ವಿನೀತ ಕಟ್ಟಿಸಿದನೆಂದು ನೆನೆದು, ಇಂದ್ರಕೀರ್ತಿ ಮುನಿಯ ದತ್ತಿಯನ್ನು ದಾಖಲಿಸಿದೆ. ಅದು ಕುರುವತ್ತಿಯಲ್ಲಿ ದೇಹಬಿಟ್ಟ ಸೋಮೇಶ್ವರನ ಆಳ್ವಿಕೆಯ ಕಾಲ. ಕಲ್ಯಾಣದ ಕ್ಷೋಭೆಯಲ್ಲಿ ಈ ಭಾಗದ ಬಸದಿಗಳೆಲ್ಲ ನಾಶವಾದವೆಂಬ ಮಾತು ನಿಜವಾಗಿದ್ದರೆ ಕೋಗಳಿಯ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬಿಜ್ಜಳನ ನಂತರ ಒಂದು ಶತಮಾನ ಕಳೆದು, 1270ರ ದಶಕದಲ್ಲಿ, ಹೊಯ್ಸಳ ರಾಮನಾಥನ ಕಾಲದಲ್ಲಿ ಅಲ್ಲಿಯ ಚೆನ್ನ ಪಾರ್ಶ್ವನಿಗೆ ದಾನಗಳು ಸಲ್ಲುತ್ತಲೇ ಇದ್ದವು. ಆ ರಾಮನಾಥನೂ ತನ್ನ ಅಣ್ಣ ಮೂರನೆಯ ನರಸಿಂಹನೊಡನೆ ರಾಜ್ಯಕ್ಕಾಗಿ ಕಾದಾಡಿದವನೇ. ಒಂದು ಅಂತರ್ಯುದ್ಧವನ್ನು ದಾಟಿ ಉಳಿದ ಬಸದಿ, ಮತ್ತೊಂದು ಅಂತರ್ಯುದ್ಧದ ನಡುವೆಯೂ ದಾನ ಪಡೆಯಿತು.

ಕೊಟ್ಟೂರಿನ ಸಂಗತಿಯೂ ವಿಚಾರಾರ್ಹ. ಇಪ್ಪತ್ತನೆಯ ಶತಮಾನದ ಆದಿಯ 'ಇಂಪೀರಿಯಲ್ ಗೆಜೆಟಿಯರ್' ಈ ಊರಿನ ಬಗ್ಗೆ ಬರೆಯುತ್ತ, ಬಸಪ್ಪನೆಂಬ ಗುರು ಜೈನರನ್ನು ವಾದದಲ್ಲಿ ಸೋಲಿಸಿ, ಮತಾಂತರಿಸಿ, ಅವರ ಮುಖ್ಯ ಗುಡಿಯಾದ ಮೂರುಕಲ್ಲು ಮಠದಲ್ಲಿ ಲಿಂಗವನ್ನಿರಿಸಿದನೆಂಬ ಕಥೆಯನ್ನು ದಾಖಲಿಸಿತು. ವಾದ, ಸೋಲು, ಮತಾಂತರ, ಗುಡಿಯಲ್ಲಿ ಲಿಂಗ ಎಂಬ ಈ ನಾಲ್ಕು ಮೆಟ್ಟಿಲುಗಳ ಕಥೆ ಕರ್ನಾಟಕದ ಹಲವು ಊರುಗಳಲ್ಲಿ ಹೆಸರು ಬದಲಿಸಿಕೊಂಡು ಸಂಚರಿಸುತ್ತದೆ. ಐತಿಹ್ಯವಾಗಿ ಅದಕ್ಕೆ ಬೆಲೆಯಿದೆ. ಗೆಜೆಟಿಯರಿನಲ್ಲಿ ಅಚ್ಚಾದ ಮಾತ್ರಕ್ಕೆ ಅದು ಶಾಸನವಾಗುವುದಿಲ್ಲ. ಇದಕ್ಕೆ ಸರಿಸಮವಾದ ದೋಷ ಜೈನಾಭಿಮಾನಿಗಳಲ್ಲೂ ಉಂಟು. ಮೂರು ಗರ್ಭಗುಡಿಗಳ, ಮೆಟ್ಟಿಲು ಶಿಖರದ ದೇವಾಲಯ ಕಂಡರೆ ಸಾಕು, ಅದು ಮೊದಲು ಬಸದಿಯಾಗಿತ್ತು ಎಂದುಬಿಡುತ್ತಾರೆ. ಹಂಪಿಯ ಹೇಮಕೂಟದ ಗುಡಿಗಳನ್ನು ಬಹುಕಾಲ ಜೈನ ಗುಡಿಗಳೆಂದೇ ಕರೆಯಲಾಗುತ್ತಿತ್ತು. ಕಂಪಿಲದೇವನು ಅಲ್ಲಿ ಶಿವಲಿಂಗಗಳನ್ನು ಸ್ಥಾಪಿಸಿದ ಶಾಸನ ಆ ನಂಬಿಕೆಯನ್ನು ತೊಡೆದುಹಾಕಿತು.

ಯುದ್ಧವನ್ನು ನಿಜಕ್ಕೂ ಅನುಭವಿಸಿದವರು ಏನು ಹೇಳಿದ್ದಾರೆ? ಅವರ ಮಾತು ವೀರಗಲ್ಲುಗಳಲ್ಲಿದೆ. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬುವು ಅಲ್ಲಿ ಮತ್ತೆ ಮತ್ತೆ ಬರುವ ಶಬ್ದಗಳು. ದನಗಳ ಅಪಹರಣ, ಊರಿನ ನಾಶ, ಹೆಣ್ಣುಮಕ್ಕಳ ಮೊರೆ. ಅರಸರ ಕಲಹದಲ್ಲಿ ಹಳ್ಳಿಯವನು ಕಳೆದುಕೊಂಡದ್ದು ಇದನ್ನು. ಅವನ ಸಾವನ್ನು ಮುಂದಿನವರು ಮತದ ಲೆಕ್ಕಕ್ಕೆ ಬರೆದುಕೊಂಡಾಗ ಅವನು ಎರಡನೆಯ ಬಾರಿ ಸತ್ತ.

ಇದು ಕನ್ನಡ ನಾಡಿಗೆ ಮಾತ್ರ ಸೀಮಿತವಾದ ವ್ಯಾಧಿಯೂ ಅಲ್ಲ. ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ಬಳಿಕ ಸೋತ ದಕ್ಷಿಣದವರು, ತಾವು ಕಾದಾಡಿದ್ದು ಗುಲಾಮಗಿರಿಗಾಗಿ ಅಲ್ಲ, ತಮ್ಮ ರಾಜ್ಯಗಳ ಹಕ್ಕಿಗಾಗಿ ಎಂಬ ಕಥೆ ಕಟ್ಟಿದರು. ಅದು ಪಠ್ಯಪುಸ್ತಕ, ಪ್ರತಿಮೆಗಳ ಮೂಲಕ ಪೀಳಿಗೆಗಳನ್ನು ಆಳಿತು. ಅಲ್ಲಿ ನಿಜವಾದ ಕಾರಣ ಮರೆಯಾಯಿತು. ಇಲ್ಲಿ ಇಲ್ಲದ ಕಾರಣ ಮೆರೆಯಿತು. ಕ್ರಿ.ಪೂ. 403ರಲ್ಲಿ ಅಥೆನ್ಸಿನವರು ಅಂತರ್ಯುದ್ಧ ಮುಗಿಸಿ, ಹಳೆಯ ಅಪಕಾರಗಳನ್ನು ಎತ್ತಿ ಆಡುವುದಿಲ್ಲವೆಂದು ಆಣೆಯಿಟ್ಟರು.

ಅಂಥ ಒಡಂಬಡಿಕೆಗೆ ಕನ್ನಡಿಗರು ಅಥೆನ್ಸಿಗೆ ಹೋಗಬೇಕಾಗಿಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಕಟ್ಟುಮಾಡಿದ. ಜೈನರ ಮನೆಗೊಂದು ಹಣ ಸಂಗ್ರಹಿಸಿ ಬೆಳ್ಗೊಳಕ್ಕೆ ಕಾವಲಿನವರನ್ನಿಡಬೇಕು, ಉಳಿದುದರಿಂದ ಜೀರ್ಣಜಿನಾಲಯಗಳನ್ನು ಸರಿಪಡಿಸಬೇಕು ಎಂದು ವಿಧಿಸಿದ. 1638ರಲ್ಲಿ ಹಳೇಬೀಡಿನ ಬಸದಿಯ ಕಂಬದ ಮೇಲೆ ಲಿಂಗಮುದ್ರೆ ಒತ್ತಿದ್ದರಿಂದ ಹುಟ್ಟಿದ ವಿವಾದವನ್ನು ವೀರಶೈವರ ಮಹಾಮಹತ್ತಿನವರೂ ಜೈನರೂ ಕೂಡಿ ಬಗೆಹರಿಸಿಕೊಂಡರು. ಮೊದಲು ವಿಭೂತಿ–ವೀಳ್ಯ ಸಲ್ಲಿಸಿ, ಆಮೇಲೆ ಜಿನಪೂಜೆ ನಡೆಯಲೆಂದು ಕಲ್ಲಿನಲ್ಲಿ ಬರೆಸಿದರು. ಇವು ಸರಿಸಮಾನರ ನಡುವಿನ ಒಪ್ಪಂದಗಳಾಗಿರಲಿಲ್ಲ. ಕಡಿಮೆ ಸಂಖ್ಯೆಯ ಜೈನರೇ ಹೆಚ್ಚು ತಗ್ಗಿದ್ದಾರೆ. ಹಾಗಿದ್ದರೂ ಜಗಳವನ್ನು ಜಗಳವೆಂದು ಹೆಸರಿಸಿ, ಕೊನೆಗಾಣಿಸಿ, ಸಾಕ್ಷಿ ನಿಲ್ಲಿಸಿದ ಪ್ರಾಮಾಣಿಕತೆ ಅವುಗಳಲ್ಲಿದೆ. ಬುಕ್ಕನ ಶಾಸನದ ಮರುವರ್ಷವೇ ಭೀಮಕವಿಯ ಪುರಾಣ ಮುಗಿಯಿತು. ಒಂದೇ ಕಾಲದ ಈ ಎರಡು ದಾಖಲೆಗಳಲ್ಲಿ ಪುರಾಣವನ್ನು ಪಠ್ಯವನ್ನಾಗಿಸಿದೆವು, ಒಪ್ಪಂದವನ್ನು ಅಡಿಟಿಪ್ಪಣಿಗೆ ಇಳಿಸಿದೆವು.

ಸಂಶೋಧನ ವಿದ್ಯಾರ್ಥಿಗಳ ಮುಂದಿರುವ ಕೆಲಸ ಸರಳವಾದುದು, ಶ್ರಮದ್ದು. ಕಲ್ಯಾಣದ ಬಗ್ಗೆ ಒಂದು ವಾಕ್ಯ ಬರೆಯುವ ಮುನ್ನ ಬಾಗಳಿ, ಕೋಗಳಿ, ಕುರುವತ್ತಿ, ಉಚ್ಚಂಗಿಗಳ ಶಾಸನಗಳನ್ನು ಓದಬೇಕು. ಪುರಾಣವನ್ನು ಉಲ್ಲೇಖಿಸುವಾಗ ಅದರ ಕಾಲವನ್ನು ಪಕ್ಕದಲ್ಲಿಯೇ ನಮೂದಿಸಬೇಕು. ಜೈನ ಕೃತಿಯಾಗಲಿ, ವೀರಶೈವ ಕೃತಿಯಾಗಲಿ, ಸಮಕಾಲೀನ ಆಧಾರವಿಲ್ಲದ ಆರೋಪವನ್ನು ಐತಿಹ್ಯವೆಂದೇ ಕರೆಯಬೇಕು. 'ಜೈನ ಬಿಜ್ಜಳ' ಎಂಬ ಎರಡು ಪದಗಳನ್ನು ಆಧಾರ ಕೇಳದೆ ಒಪ್ಪಿಕೊಳ್ಳುವ ಮಾರ್ಗದರ್ಶಕರು ಆ ಪ್ರಬಂಧಕ್ಕೆ ಸಹಿ ಹಾಕಬಾರದು. ಕಳಚುರಿಗಳೂ ಚಾಲುಕ್ಯರೂ ಅಳಿದುಹೋಗಿದ್ದಾರೆ. ಅವರ ಕಲಹದ ಬಾಕಿಯನ್ನು ಕೊಟ್ಟೂರಿನ ಜಾತ್ರೆಯಲ್ಲಿ ಜೊತೆಯಾಗಿ ನಡೆಯುವ ಜನ ತೀರಿಸಬೇಕಾಗಿಲ್ಲ.