ಔಷಧ ಕೌಂಟರಿನಿಂದ: ಅತ್ಶಾನ್

ಊದ್ ಮೇಥಾಕ್ಕೆ ಹೊಸದಾಗಿ ಬಂದವರು ಮೊದಲು ಕಲಿಯಬೇಕಾದ ಅರಬ್ಬಿ ಇದು: ಬಾಯಾರಿದ ಗಂಡಸು ‘ಅನಾ ಅತ್ಶಾನ್’, ಹೆಂಗಸು ‘ಅನಾ ಅತ್ಶಾನಾ’. ನೀರು ಬೇಕಾದರೆ ‘ಮಾಯ್, ಮಿನ್ ಫದ್ಲಕ್’. ‘ಪಾನಿ’ ಅಂದರೂ ಸಿಗುತ್ತದೆ, ಬಿಡಿ.

ಆದರೆ ನಮ್ಮ ಕೌಂಟರಿನಲ್ಲಿ ಅಷ್ಟು ಸಾಲದು. ಕನ್ನಡದ ‘ಬಾಯಾರಿಕೆ’ಯಲ್ಲಿ ಬಾಯಿ ಒಣಗುವುದೂ ಇದೆ, ನೀರಡಿಕೆಯೂ ಇದೆ. ಅರಬ್ಬಿಯಲ್ಲಿ ಬಾಯಿ ಒಣಗಿದರೆ ‘ರೀಗಿ ನಾಶಿಫ್’ ಎನ್ನುತ್ತಾರೆ. ಅಲರ್ಜಿ ಮಾತ್ರೆಯಿಂದಲೂ ಹಾಗಾಗಬಹುದು. ಎಷ್ಟು ಕುಡಿದರೂ ‘ಅತ್ಶಾನ್’, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತೇನೆ ಎನ್ನುವವರಿಗೆ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ ಎನ್ನುತ್ತೇನೆ.

ನಮ್ಮೂರ ಕಡೆಯ ಡ್ರೈವರ್ ಒಬ್ಬರು ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟಿ ತಿಂಗಳುಗಟ್ಟಲೆ ಜ್ಯೂಸ್ ಕುಡಿದಿದ್ದರು. ನೋಡಿದರೆ ಸಕ್ಕರೆ 400 ದಾಟಿತ್ತು. ಈಗ ಕೆಫೆಟೇರಿಯಾದಲ್ಲಿ ಸಿಕ್ಕಾಗ ನನಗೆ ಕೇಳುವಂತೆಯೇ ಆರ್ಡರ್ ಮಾಡುತ್ತಾರೆ: ‘ಮಾಯ್ ಬಸ್!’ ನೀರು ಮಾತ್ರ.