ಸಸ್ಯನಾಮಗಳ ಅರ್ಥನಿರ್ಣಯ ಮತ್ತು ದ್ವಿನಾಮ ಪದ್ಧತಿ

ಪ್ರಾಚೀನ ಕಾವ್ಯಗಳ ವನವರ್ಣನೆಯಲ್ಲಿ ಬರುವ ಸಸ್ಯನಾಮಗಳಿಗೆ ‘ಒಂದು ಬಗೆಯ ಮರ’ ಎಂದಷ್ಟೇ ಟಿಪ್ಪಣಿ ಬರೆದು ಮುಂದುವರಿಯುವುದು ಕನ್ನಡ ಸಂಪಾದಕರಲ್ಲಿ ಅಪರೂಪವೇನಲ್ಲ. ಇದು ಅರ್ಥವಿವರಣೆಯಲ್ಲ, ಅರ್ಥದ ಮುಂದೂಡಿಕೆ.

‘ಅಶೋಕ’ವನ್ನೇ ನಿದರ್ಶನವಾಗಿ ನೋಡಬಹುದು. ತರುಣಿಯ ಪಾದತಾಡನದಿಂದ ಅರಳುತ್ತದೆಂಬ ಕವಿಸಮಯಕ್ಕೆ ಪಾತ್ರವಾದ, ಕೆಂಬಣ್ಣದ ಹೂಗೊಂಚಲುಗಳ ಅಶೋಕವು ‘ಸರಾಕಾ ಅಸೋಕಾ’. ಅದು ದ್ವಿದಳ ಸಸ್ಯಗಳಲ್ಲಿ ಹುಣಸೆಯ ಕುಟುಂಬಕ್ಕೆ ಸೇರಿದ್ದು. ಕಾಲೇಜುಗಳ ಆವರಣದಲ್ಲಿ ಕಂಬದಂತೆ ನೀಳವಾಗಿ ಬೆಳೆಯುವ, ಅದೇ ಹೆಸರಿನಿಂದ ಕರೆಯಲ್ಪಡುವ ಮರವು ಸೀತಾಫಲದ ಕುಟುಂಬದ್ದು; ಅದರ ಹೂಗಳು ತಿಳಿಹಸಿರು. ಇದನ್ನೇ ಕಾವ್ಯದ ಅಶೋಕವೆಂದು ಭಾವಿಸಿದ ವಿದ್ಯಾರ್ಥಿಗೆ ಕವಿಯ ವರ್ಣನೆ ನಿರಾಧಾರವೆಂದೇ ತೋರುತ್ತದೆ.

1753ರಲ್ಲಿ ಪ್ರಕಟವಾದ ಲಿನೇಯಸನ ‘ಸ್ಪೀಷೀಸ್ ಪ್ಲಾಂಟಾರಮ್’ ಗ್ರಂಥದಿಂದ ಸಸ್ಯಗಳ ದ್ವಿನಾಮ ಪದ್ಧತಿಯ ಗಣನೆ ಆರಂಭವಾಗುತ್ತದೆ. ಮೊದಲ ಪದ ಜಾತಿಯನ್ನೂ ಎರಡನೆಯದು ಅದರೊಳಗಿನ ಪ್ರಭೇದವನ್ನೂ ಸೂಚಿಸುತ್ತದೆ. ಪ್ರಭೇದದ ಹೆಸರು ಒಂದು ನಿರ್ದಿಷ್ಟ ಮಾದರಿಗೆ, ಸಾಮಾನ್ಯವಾಗಿ ಸಸ್ಯಸಂಗ್ರಹಾಲಯದ ಒಣಮಾದರಿಗೆ, ಬದ್ಧವಾಗಿರುತ್ತದೆ. ಹಸ್ತಪ್ರತಿಯನ್ನು ಆಧರಿಸಿ ಪಾಠವನ್ನು ಪರಿಶೀಲಿಸುವ ಸಂಪಾದಕರಿಗೆ ಈ ಕ್ರಮ ಅಪರಿಚಿತವೆನಿಸಲಾರದು.

ಶಾಸ್ತ್ರೀಯ ನಾಮಗಳೂ ಬದಲಾಗುತ್ತವೆ, ಆದ್ದರಿಂದ ಅವೂ ಅಸ್ಥಿರವೆಂಬ ಆಕ್ಷೇಪವಿದೆ. ಬದಲಾವಣೆ ನಿಜ; ಆದರೆ ಅದು ಅನಿಯಂತ್ರಿತವಲ್ಲ. ರಾಕ್ಸ್‌ಬರ್ಗ್ ವಿಲಿಯಂ ಜೋನ್ಸನ ಗೌರವಾರ್ಥವಾಗಿ ಅಶೋಕವನ್ನು ‘ಜೋನೇಸಿಯಾ ಅಸೋಕಾ’ ಎಂದು ಕರೆದನು. ಮುಂದೆ ಅದು ಸರಾಕಾ ಜಾತಿಗೆ ವರ್ಗವಾದಾಗಲೂ ‘ಅಸೋಕಾ’ ಎಂಬ ಪದ ಉಳಿಯಿತು; ರಾಕ್ಸ್‌ಬರ್ಗನ ಹೆಸರು ಆವರಣದೊಳಗೆ ನಿಂತಿತು. ಸಂಪಿಗೆಯ ‘ಮಿಚೇಲಿಯಾ ಚಂಪಕಾ’ ಇಂದು ‘ಮ್ಯಾಗ್ನೋಲಿಯಾ ಚಂಪಕಾ’ ಆಗಿದೆ. ಹಳೆಯ ಹೆಸರುಗಳು ಪಾಠಾಂತರಗಳಂತೆ ದಾಖಲೆಯಲ್ಲಿ ಉಳಿಯುತ್ತವೆ. ಆದ್ದರಿಂದಲೇ 1894ರ ಕಿಟ್ಟೆಲ್ ನಿಘಂಟು ಸಸ್ಯವಾಚಕಗಳಿಗೆ ನೀಡಿರುವ ಲ್ಯಾಟಿನ್ ನಾಮಗಳು, ಹಳತಾಗಿದ್ದರೂ, ಇಂದಿಗೂ ಸಸ್ಯದ ಗುರುತಿಗೆ ದಾರಿ ತೋರುತ್ತವೆ.

ಹಾಗೆಂದು ದ್ವಿನಾಮವೊಂದನ್ನು ಜೋಡಿಸಿದ ಮಾತ್ರಕ್ಕೆ ಕವಿಯ ಪದದ ಅರ್ಥ ನಿರ್ಣಯವಾದಂತಲ್ಲ. ‘ಬ್ರಾಹ್ಮಿ’ ಎಂಬ ಹೆಸರು ಒಂದೆಡೆ ‘ಬಕೋಪಾ ಮೊನ್ನಿಯೇರಿ’ಗೂ ಮತ್ತೊಂದೆಡೆ ಒಂದೆಲಗಕ್ಕೂ, ಅಂದರೆ ‘ಸೆಂಟೆಲ್ಲಾ ಏಷಿಯಾಟಿಕಾ’ಕ್ಕೂ, ಸಲ್ಲುತ್ತದೆ. ಪಠ್ಯದಲ್ಲಿ ಉದ್ದಿಷ್ಟವಾದುದು ಯಾವುದೆಂಬುದನ್ನು ಪ್ರದೇಶ, ಕಾಲ, ವರ್ಣನೆಗಳ ಆಧಾರದಿಂದ ಸಂಶೋಧಕರೇ ಸ್ಥಾಪಿಸಬೇಕು. ಶಾಸ್ತ್ರೀಯ ನಾಮ ಮಾಡುವುದಿಷ್ಟೇ: ಅವರ ನಿರ್ಣಯವನ್ನು ಮತ್ತೊಬ್ಬರು ಪರೀಕ್ಷಿಸಲು, ತಪ್ಪಿದ್ದರೆ ತಿದ್ದಲು ಸಾಧ್ಯವಾಗಿಸುತ್ತದೆ. ‘ಒಂದು ಬಗೆಯ ಮರ’ ಎಂಬ ಟಿಪ್ಪಣಿಯನ್ನು ತಿದ್ದಲಾಗದು, ಏಕೆಂದರೆ ಅದು ಏನನ್ನೂ ಹೇಳಿರುವುದಿಲ್ಲ.

ಸಸ್ಯವಿಜ್ಞಾನಿಯೂ ಸಾಹಿತಿಯೂ ಆಗಿದ್ದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಯನ್ನು ಪಠ್ಯವಾಗಿ ಬೋಧಿಸಬಲ್ಲ ಕನ್ನಡ ವಿಭಾಗಗಳಿಗೆ ನೆರೆಯ ಸಸ್ಯಶಾಸ್ತ್ರ ವಿಭಾಗದ ನೆರವು ಪಡೆಯುವುದು ಕಷ್ಟವಾಗಬಾರದು. ಸಂಪಾದಿತ ಕೃತಿಗಳ ಪದಕೋಶಗಳಲ್ಲಿಯೂ ಸಂಶೋಧನ ಪ್ರಬಂಧಗಳಲ್ಲಿಯೂ ಪ್ರತಿಯೊಂದು ಸಸ್ಯನಾಮದೊಡನೆ ದ್ವಿನಾಮವನ್ನೂ ಆ ನಿರ್ಣಯದ ಆಧಾರವನ್ನೂ ನಮೂದಿಸುವುದು ಕಡ್ಡಾಯವಾಗಬೇಕು.